ಹೆಬ್ಬೆರಳಿಗೆ ಸ್ವಂತ ಬುದ್ಧಿ

ನನಗೆ ಗಿಟಾರ್ ಕಲಿಸುತ್ತಿರುವ ಗುರುಗಳು ಮೂವರು. ಮೂವರೂ ಅಮೆರಿಕದವರು, ಮೂವರೂ ತೀರಿಕೊಂಡು ಅರ್ಧ ಶತಮಾನದ ಮೇಲಾಯಿತು. ಹೀಗಾಗಿ ಫೀಸಿನ ರಗಳೆಯಿಲ್ಲ, ಪಾಠ ಒಪ್ಪಿಸುವ ಭಯವಿಲ್ಲ, ಶಿಷ್ಯನ ವಾದನ ಕೇಳುವ ಶಿಕ್ಷೆ ಗುರುಗಳಿಗೂ ಇಲ್ಲ. ಆ ಶಿಕ್ಷೆಯನ್ನು ಅವರ ಪರವಾಗಿ ಮನೆಯವರು ಅನುಭವಿಸುತ್ತಿದ್ದಾರೆ.

ಮೊದಲನೆಯವರು ಬ್ಲೈಂಡ್ ಬ್ಲೇಕ್. 1926ರಿಂದ 1932ರವರೆಗೆ ಪ್ಯಾರಾಮೌಂಟ್ ಎಂಬ ರೆಕಾರ್ಡ್ ಕಂಪನಿಗೆ ಬ್ಲೂಸ್ ನುಡಿಸಿದವರು. ಒಬ್ಬರೇ ನುಡಿಸಿದರೂ ಇಬ್ಬರು ಕೂತ ಹಾಗೆ ಕೇಳಿಸುತ್ತದೆ. ಹೆಬ್ಬೆರಳು ದಪ್ಪ ತಂತಿಗಳ ಮೇಲೆ ಲಯ ಬಿಡದೆ ನಡೆಯುತ್ತಿದ್ದರೆ, ಉಳಿದ ಬೆರಳುಗಳು ಸಣ್ಣ ತಂತಿಗಳಲ್ಲಿ ಹಾಡು ಹಿಡಿದು ಬೇಕೆಂದೇ ಎರಡು ಪೆಟ್ಟಿನ ನಡುವೆ ಬೀಳುತ್ತವೆ. ನನ್ನ ಹೆಬ್ಬೆರಳಿಗೆ ಸ್ವಂತ ಬುದ್ಧಿಯಿಲ್ಲ. ತೋರುಬೆರಳು ಎತ್ತ ಹೋದರೆ ತಾನೂ ಅತ್ತಲೇ. ಚಿಕ್ಕಂದಿನಲ್ಲಿ ವೀಣೆ ಕಲಿತಿದ್ದ ನಮ್ಮ ಅತ್ತೆ ಇದನ್ನು ನೋಡಿ ನೋಡಿ ಕೊನೆಗೆ ಬಾಯಿಬಿಟ್ಟರು: "ನಮ್ಮಲ್ಲಿ ತಾಳದ ತಂತಿ ಮೀಟೋಕೆ ಕಿರುಬೆರಳೇ ಸಾಕು, ಅಳಿಯಂದ್ರೇ. ಅಷ್ಟು ದಪ್ಪ ಬೆರಳು ಇಟ್ಕೊಂಡೂ ನಿಮಗೆ ಆಗ್ತಿಲ್ವಲ್ಲ!"

ತಪ್ಪು ನಾನು ಕೇಳಿ ಕಲಿಯುತ್ತಿರುವ ರೆಕಾರ್ಡಿನದು ಎಂದು ವಾದಿಸಿದೆ. ಪ್ಯಾರಾಮೌಂಟ್‌ನ ಒಡೆಯರು ಮೂಲತಃ ವಿಸ್ಕಾನ್ಸಿನ್‌ನಲ್ಲಿ ಕುರ್ಚಿ ಮಾಡುತ್ತಿದ್ದವರು. ಗ್ರಾಮಫೋನ್ ಪೆಟ್ಟಿಗೆ ಮಾಡುತ್ತ ಮಾಡುತ್ತ ರೆಕಾರ್ಡಿಗೂ ಕೈ ಹಾಕಿದರು. ಅವರ ತಟ್ಟೆ ಅಗ್ಗದ ಸರಕು, ಹಾಡಿಗಿಂತ ಮೊದಲು ಕೇಳಿಸುವುದು ಸರಸರ ಸದ್ದು. ಮೊದಲ ದಿನ ಸ್ಪೀಕರಿನಲ್ಲಿ ಹಾಕಿದಾಗ ಅತ್ತೆ ಮಳೆ ಬಂತೆಂದು ತಾರಸಿಗೆ ಓಡಿ, ಸುಡುಬಿಸಿಲಲ್ಲಿ ಒಣಗುತ್ತಿದ್ದ ಸಂಡಿಗೆಯನ್ನೆಲ್ಲ ಒಳಗೆ ತಂದುಬಿಟ್ಟಿದ್ದರು.

"ಆ ಕಾಲದ ತಟ್ಟೆಗಳನ್ನು ಅರಗಿನಿಂದ ಮಾಡ್ತಿದ್ದರು, ಜೊತೆಗೆ ಕಲ್ಲಿನ ಪುಡಿ. ಅರಗು ಬಹುಪಾಲು ನಮ್ಮ ದೇಶದಿಂದಲೇ ಹೋಗ್ತಿತ್ತು" ಎಂದು ದೇಶಾಭಿಮಾನಕ್ಕೆ ಮೊರೆಹೋದೆ.

"ಅರಗಿನ ಮನೆಯಿಂದ ಪಾಂಡವರಿಗೆ ಸುರಂಗವಾದರೂ ಇತ್ತು" ಎಂದರು ಅತ್ತೆ.

ಶ್ರುತಿಯದು ಇನ್ನೊಂದು ಕಥೆ. ನಿಮಿಷಕ್ಕೆ 78 ಸುತ್ತು ಎನ್ನುವುದು ಎಷ್ಟೋ ತಟ್ಟೆಗಳ ಮಟ್ಟಿಗೆ ಹೆಸರಿಗೆ ಮಾತ್ರ. ಮುದ್ರಿಸುವಾಗ ಯಂತ್ರ ತುಸು ನಿಧಾನವಾಗಿದ್ದರೂ ಇಂದು ಕೇಳುವಾಗ ಶ್ರುತಿ ಮೇಲೇರುತ್ತದೆ. ಗುರುಗಳ ಸ್ವರ ನನ್ನ ಗಿಟಾರಿನ ಯಾವ ಮನೆಯಲ್ಲೂ ಕೂರದೆ ಎರಡು ಮನೆಗಳ ನಡುವಿನ ಗೋಡೆ ಮೇಲೆ ಕೂತಿರುತ್ತದೆ. ಅವರನ್ನು ಹಿಡಿಯಲು ತಿರುಗಣಿ ತಿರುಗಿಸುತ್ತ ಹೋದರೆ ತಂತಿ ಪಟ್ಟೆಂದು ಹರಿಯುತ್ತದೆ. ನಮ್ಮ ಮನೆಯಲ್ಲಿ ಎಲ್ಲರೂ ಒಕ್ಕೊರಲಿನಿಂದ ಮೆಚ್ಚಿಕೊಂಡ ನನ್ನ ಏಕೈಕ ಸ್ವರ ಅದು.

ವೇಗ ತಗ್ಗಿಸುವ ಆ್ಯಪ್ ಹಾಕಿಕೊಂಡೆ. ಶ್ರುತಿ ಕೆಡದೆ ಹಾಡು ಅರ್ಧ ವೇಗಕ್ಕಿಳಿಯುತ್ತದೆ, ಒಂದೊಂದು ಪೆಟ್ಟೂ ಬೇರೆ ಬೇರೆಯಾಗಿ ಕೇಳಿಸುತ್ತದೆ. ಮೂರು ನಿಮಿಷದ ಹಾಡು ಆರು ನಿಮಿಷವಾಗಿದ್ದರಿಂದ ನನ್ನ ತಪ್ಪುಗಳಿಗೂ ವಿಶಾಲವಾದ ಜಾಗ ಸಿಕ್ಕಿತು. ಮಗಳು ಹೋಂವರ್ಕ್ ಬಿಟ್ಟು ಬಂದು, "ಅಪ್ಪಾ, ಈ ತಾತಂಗೆ ನಿದ್ದೆ ಬಂದಿದೆ, ಮಲಗೋಕೆ ಬಿಡು" ಎಂದಳು.

ಎರಡನೆಯ ಗುರು ರೆವರೆಂಡ್ ಗ್ಯಾರಿ ಡೇವಿಸ್. ಇವರೂ ಅಂಧರು, ಪಾದ್ರಿಗಳು, ನ್ಯೂಯಾರ್ಕಿನಲ್ಲಿ ಎಷ್ಟೋ ಹುಡುಗರಿಗೆ ಪಾಠ ಹೇಳಿದವರು. ಬಲಗೈಯಲ್ಲಿ ಹೆಬ್ಬೆರಳು, ತೋರುಬೆರಳು ಎರಡರಲ್ಲೇ ಇಡೀ ಬ್ಯಾಂಡನ್ನು ಎಬ್ಬಿಸುತ್ತಿದ್ದರು. ಈ ಮಹಿಮೆಯನ್ನು ಹೆಂಡತಿಗೆ ವರ್ಣಿಸಿದೆ. ಅವಳು ಒಂದು ಬುಟ್ಟಿ ಹುರುಳಿಕಾಯಿಯನ್ನು ನನ್ನ ಮುಂದೆ ಸರಿಸಿ, "ಹಾಗಾದ್ರೆ ಉಳಿದ ಮೂರು ಬೆರಳು ಖಾಲಿ ಇವೆಯಲ್ಲ, ಇದರ ನಾರು ತೆಗೀರಿ" ಎಂದಳು.

ಮೂರನೆಯವರು, ನನ್ನ ಪರಮಗುರು, ಮಿಸಿಸಿಪ್ಪಿ ಜಾನ್ ಹರ್ಟ್. ಅಬ್ಬರವಿಲ್ಲದ ಕೈ, ಪಕ್ಕದಲ್ಲಿ ಕೂತು ಮಾತಾಡಿದಂಥ ದನಿ. ಸುಲಭ ಎನ್ನಿಸುವ ಹಾಗೆ ನುಡಿಸಿ ನನ್ನಂಥವರನ್ನು ಹಳ್ಳಕ್ಕೆ ಕೆಡವುವವರು. ಮಿಸಿಸಿಪ್ಪಿಯ ಅವಲಾನ್ ಎಂಬ ಪುಟ್ಟ ಊರಿನ ಕಡೆ ಹೊಲದಲ್ಲಿ ದುಡಿಯುತ್ತಿದ್ದ ಅವರು 1928ರಲ್ಲಿ ಮೆಂಫಿಸ್, ನ್ಯೂಯಾರ್ಕ್‌ಗಳಿಗೆ ಹೋಗಿ ಓಕೆ ಕಂಪನಿಗೆ ಹಾಡಿ ಬಂದರು. ತಟ್ಟೆಗಳು ಅಷ್ಟಾಗಿ ಮಾರಾಟವಾಗಲಿಲ್ಲ, ಹಿಂದೆಯೇ ಆರ್ಥಿಕ ಕುಸಿತ ಬಂತು. ಅವರು ಸುಮ್ಮನೆ ಹೊಲಕ್ಕೆ ಮರಳಿದರು. ಹಾಡೊಂದರಲ್ಲಿ ಅವರೇ ಊರಿನ ಹೆಸರು ಹೇಳಿದ್ದರಿಂದ, ಅದರ ಜಾಡು ಹಿಡಿದು 1963ರಲ್ಲಿ ಟಾಮ್ ಹಾಸ್ಕಿನ್ಸ್ ಎಂಬ ಅಭಿಮಾನಿ ಅವರ ಮನೆ ಬಾಗಿಲಿಗೇ ಹೋದ. ಆಮೇಲೆ ದೊಡ್ಡ ದೊಡ್ಡ ವೇದಿಕೆಗಳು, ಹೊಸ ರೆಕಾರ್ಡುಗಳು, ಎಪ್ಪತ್ತರ ವಯಸ್ಸಿನಲ್ಲಿ ಕೀರ್ತಿ.

ಊಟಕ್ಕೆ ಕೂತಾಗ ಇದನ್ನು ಗದ್ಗದಿತನಾಗಿ ಹೇಳಿ, ಪ್ರತಿಭೆಯನ್ನು ಲೋಕ ತಡವಾಗಿಯಾದರೂ ಗುರುತಿಸುತ್ತದೆ ಎಂದು ಉಪಸಂಹಾರ ಮಾಡಿದೆ. ಹೆಂಡತಿ ಸಾರು ಬಡಿಸುವುದನ್ನು ನಿಲ್ಲಿಸಿ ಮನಸ್ಸಿನಲ್ಲೇ ಲೆಕ್ಕ ಹಾಕಿದಳು.

"ರೀ, 1928ರಿಂದ 1963ಕ್ಕೆ 35 ವರ್ಷ ಆಯ್ತು. ಗುರುಗಳು ಹಾಕಿಕೊಟ್ಟ ದಾರಿ ಅಲ್ವಾ? ನೀವೂ ಒಂದು 35 ವರ್ಷ ಬಿಡುವು ತಗೊಳ್ಳಿ. ಆಮೇಲೆ ಯಾರಾದ್ರೂ ಹುಡುಕ್ಕೊಂಡು ಬಂದ್ರೆ ವಿಳಾಸ ನಾನೇ ಹೇಳ್ತೀನಿ."