ಉಯ್ಯಂಬಳ್ಳಿ ಸೀಮೆಯ ದ್ವೀಪ-ನೌಕಾವಿಹಾರ: ಒಂದು ಸುರಕ್ಷಾ ಮೀಮಾಂಸೆ

ಉಷ್ಣವಲಯದ ದ್ವೀಪಗಳಿಗೆ ಹಾಯಿದೋಣಿಯಲ್ಲಿ ವಿಹಾರ ಹೋದವರು ಜೀವಸಮೇತ ಹಿಂದಿರುಗುವ ಬಗೆಯನ್ನು ಪಾಶ್ಚಾತ್ಯ ಪಂಡಿತರು ವಿಸ್ತಾರವಾಗಿ ಚರ್ಚಿಸಿದ್ದಾರೆ. ಕನಕಪುರ ತಾಲ್ಲೂಕಿನ ಉಯ್ಯಂಬಳ್ಳಿ ಹೋಬಳಿ ಮಾತ್ರ ಅವರ ಕಣ್ಣಿಗೆ ಬಿದ್ದಿಲ್ಲ. ಈ ಲೋಪವನ್ನು ತುಂಬುವುದು ಪ್ರಬಂಧದ ಪ್ರಯೋಜನ. ಭಾನುವಾರ ಬೆಳಿಗ್ಗೆ ಬಿರಿಯಾನಿ ಕಟ್ಟಿಸಿಕೊಂಡು ಅಲ್ಲಿನ ಕಾವೇರಿ ಸಂಗಮಕ್ಕೆ ಹೊರಡುವ ಬೆಂಗಳೂರಿಗ ಇದರ ಅಧಿಕಾರಿ.

ಮೊದಲು ಪೂರ್ವಪಕ್ಷ. ಉಯ್ಯಂಬಳ್ಳಿಗೆ ಕಡಲಿಲ್ಲ, ಹಾಯಿಯಿಲ್ಲ, ದ್ವೀಪವಿಲ್ಲ, ಉಷ್ಣವಲಯದ ಖ್ಯಾತಿಯೂ ಇಲ್ಲ, ಆದಕಾರಣ ಶಾಸ್ತ್ರಕ್ಕೆ ವಿಷಯವೇ ಇಲ್ಲ ಎನ್ನುತ್ತಾರೆ ಕೆಲವರು. ಉಷ್ಣವಲಯದ ಮಟ್ಟಿಗಾದರೂ ಅವರ ಬಾಯಿ ಕೂಡಲೇ ಮುಚ್ಚಿಸಬಹುದು. ಕರ್ಕಾಟಕ ಸಂಕ್ರಾಂತಿ ವೃತ್ತ ಇರುವುದು ಸುಮಾರು 23.5 ಡಿಗ್ರಿಯಲ್ಲಿ. ಜಗತ್ಪ್ರಸಿದ್ಧ ಬಹಾಮಾಸ್‌ನ ರಾಜಧಾನಿ ನಸ್ಸೌ 25 ಡಿಗ್ರಿಯಲ್ಲಿ, ಅಂದರೆ ಗಡಿಯಾಚೆ. ನಮ್ಮ ಹೋಬಳಿಯೋ 12 ಡಿಗ್ರಿ ಚಿಲ್ಲರೆ. ರಾಗಿ ಹೊಲದ ಬದುವಿನ ಮೇಲೆ ನಿಂತ ನಮ್ಮವನು ನಸ್ಸೌ ನಿವಾಸಿಗಿಂತ ಅಪ್ಪಟ ಉಷ್ಣವಲಯದವನು. ಅದಕ್ಕಾಗಿ ಅವನಿಂದ ಯಾರೂ ಡಾಲರು ಕೇಳಿಲ್ಲ, ಅಷ್ಟೆ.

ಇನ್ನು ನೌಕೆ. ಅರ್ಕಾವತಿ ಕಾವೇರಿಯನ್ನು ಸೇರುವ ಸಂಗಮದಲ್ಲಿ ನೀರಿದ್ದಾಗ ದಾಟಿಸುವುದು ತೆಪ್ಪ, ಗ್ರಂಥಕಾರರು ಹರಿಗೋಲು ಎನ್ನುವ ಬಿದಿರಿನ ದುಂಡು ದೋಣಿ. ಹಿಂದೆ ಚರ್ಮ ಹೊದಿಸುತ್ತಿದ್ದರು, ಈಗ ಪ್ಲಾಸ್ಟಿಕ್ಕು, ಟಾರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇದನ್ನೇ ಕಂಡು, ಇದರಲ್ಲಿ ಹದಿನೈದಿಪ್ಪತ್ತು ಜನ ಹಿಡಿಯುತ್ತಾರೆ, ಆದರೆ ಇದು ನೆಟ್ಟಗೆ ಹೋಗದೆ ಸದಾ ಸುತ್ತುತ್ತಿರುತ್ತದೆ ಎಂದು ಬರೆದಿಟ್ಟ. ಪಾಪ, ಅವನಿಗೆ ಅದು ದೋಷವಾಗಿ ಕಂಡಿತು. ಇಂದಿನ ಪ್ರವಾಸಿ ಅದಕ್ಕೇ ಬೇರೆ ದುಡ್ಡು ಕೊಟ್ಟು "ಇನ್ನೊಂದ್ ಸಲ ತಿರುಗಿಸಪ್ಪಾ" ಎನ್ನುತ್ತಾನೆ.

ತೆಪ್ಪಕ್ಕೆ ಮುಂದೂ ಇಲ್ಲ, ಹಿಂದೂ ಇಲ್ಲ. ಎಡ ಯಾವುದು, ಬಲ ಯಾವುದು ಎಂಬುದು ಗಳಿಗೆ ಗಳಿಗೆಗೂ ಬದಲಾಗುತ್ತದೆ. ಎಡಬಲಗಳ ಮೇಲೆ ನಿಂತ ಸಾಗರ ನ್ಯಾಯಶಾಸ್ತ್ರವೆಲ್ಲ ಇಲ್ಲಿ ತಲೆಸುತ್ತಿ ಬೀಳುತ್ತದೆ. ಉಳಿಯುವ ಪ್ರಮಾಣ ಒಂದೇ, ಅಂಬಿಗನ ಮಾತು: "ನಿಂತ್ಕಬ್ಯಾಡಿ ಸ್ವಾಮಿ, ಕೂತ್ಕಳಿ. ಎಲ್ಲಾ ಒಂದೇ ಕಡೀಕ್ ವಾಲ್ಬ್ಯಾಡಿ." ಜಲಸುರಕ್ಷೆಯ ಕುರಿತು ಈವರೆಗೆ ಬಂದ ಬೃಹದ್ಗ್ರಂಥಗಳಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇಲ್ಲ. ಸೆಲ್ಫಿಗೆಂದು ಏಳುವ ಒಬ್ಬನ ಹಿಂದೆ ಫ್ರೇಮಿನೊಳಗೆ ಬರಲು ಏಳು ಜನ ವಾಲುವುದು ಈ ಸೂತ್ರದ ಏಕೈಕ ಪ್ರತಿಪಕ್ಷ. ಲೈಫ್ ಜಾಕೆಟ್ಟಿನ ವಿಷಯದಲ್ಲಿ ಮೂರು ಸಂಪ್ರದಾಯಗಳಿವೆ: ತೊಟ್ಟು ಬಿಗಿಯುವವರು, ತೊಟ್ಟು ಬಿಗಿಯದವರು, ಮಡಿಸಿ ಅದರ ಮೇಲೆ ಕೂರುವವರು. ಮೂರನೆಯವರು ತೇಲುವುದಾದರೆ ತಲೆಕೆಳಗಾಗಿಯೇ ತೇಲಬೇಕು.

ಈಗ ಮುಖ್ಯ ಪ್ರಶ್ನೆ: ದ್ವೀಪವೆಲ್ಲಿ? ಸಿದ್ಧಾಂತ ಹೀಗೆ. ನಾಲ್ಕೂ ಕಡೆ ನೀರಿರುವ ನೆಲ ದ್ವೀಪವೆಂದು ಪ್ರಾಥಮಿಕ ಶಾಲೆಯ ಪಾಠ. ಬಹಾಮಾಸ್‌ನಲ್ಲಿ ದ್ವೀಪ ಮೊದಲೇ ಇರುತ್ತದೆ, ಪ್ರವಾಸಿ ಆಮೇಲೆ ಬರುತ್ತಾನೆ. ಈ ಸೀಮೆಯಲ್ಲಿ ಪ್ರವಾಸಿ ಮೊದಲು ಬಂದು ಬಂಡೆಯ ಮೇಲೆ ಕೂರುತ್ತಾನೆ, ದ್ವೀಪ ಆಮೇಲೆ ಆಗುತ್ತದೆ. ಕೂರುವಾಗ ಬಂಡೆ, ಏಳುವಾಗ ದ್ವೀಪ. ಮೇಲೆ ಆಕಾಶ ಶುಭ್ರವಾಗಿದೆ, ಸಂಗಮದಲ್ಲಿ ಒಂದು ಹನಿಯೂ ಬಿದ್ದಿಲ್ಲ. ಆದರೆ ಕೊಡಗಿನಲ್ಲಿ, ವಯನಾಡಿನಲ್ಲಿ ಮಳೆ ಹೊಯ್ದಿದೆ, ಕೃಷ್ಣರಾಜಸಾಗರವೂ ಕಬಿನಿಯೂ ತುಂಬಿವೆ, ಬಾಗಿಲೆತ್ತಿದ್ದಾರೆ, ಅದೆಲ್ಲ ಶಿವನಸಮುದ್ರ ಧುಮುಕಿ ಇಲ್ಲಿಗೇ ಬರಬೇಕು. ಕೆ.ಆರ್.ಎಸ್. ಮಟ್ಟ 124.80 ಅಡಿ ಮುಟ್ಟಿತೆಂದು ಟಿ.ವಿ.ಯಲ್ಲಿ ಬಾಗಿನದ ಸುದ್ದಿ ಬಂದರೆ ಮಂಡ್ಯದವರಿಗೆ ಹಬ್ಬ, ಸಂಗಮದ ಬಂಡೆಯವನಿಗೆ ನೋಟೀಸು. ಅವನು ನೋಡುವುದು ಮಾತ್ರ ಬೆಂಗಳೂರಿನ ಹವಾಮಾನ.

ಅಲ್ಲಿಂದ ನಾಲ್ಕೈದು ಕಿಲೋಮೀಟರ್ ಕೆಳಗೆ ಮೇಕೆದಾಟು. ಅಷ್ಟು ಅಗಲದ ನದಿ ಇಕ್ಕಟ್ಟಾದ ಬಂಡೆಯ ಕಮರಿಗೆ ನುಗ್ಗುತ್ತದೆ. ನೀರಿನ ಸುಳಿಯಲ್ಲಿ ಸಿಕ್ಕ ಕಲ್ಲುಗಳು ಸುತ್ತಿ ಸುತ್ತಿ ಬಂಡೆಯನ್ನೇ ಕೊರೆದು, ಒಳಕಲ್ಲಿನ ಹಾಗೆ ನುಣುಪಾದ ಗುಂಡಿಗಳನ್ನು ಮಾಡಿವೆ. ಅಂಚಿನಲ್ಲಿ ಪಾಚಿ. ಮೇಕೆಯೊಂದು ಹಾರಿತೆಂಬ ಐತಿಹ್ಯವನ್ನು ಆಧಾರವಾಗಿಟ್ಟುಕೊಂಡು ತಾನೂ ಹಾರಬಲ್ಲೆನೆಂದು ಅನುಮಾನ ಮಾಡುವ ತಾರ್ಕಿಕರಿದ್ದಾರೆ. ಇಲ್ಲಿ ಹೇತ್ವಾಭಾಸವಿದೆ: ಮೇಕೆಗೆ ಗೊರಸಿತ್ತು, ಚಪ್ಪಲಿಯಿರಲಿಲ್ಲ, ಕುಡಿದಿರಲಿಲ್ಲ. ಈ ದಡಗಳಲ್ಲಿ ನೀರಿಗಿಳಿದು ಸತ್ತ ಹುಡುಗರ ಸುದ್ದಿ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುತ್ತಲೇ ಇದೆ. ಅದನ್ನು ಅಣಕಿಸುವ ಶಾಸ್ತ್ರ ನನ್ನಲ್ಲಿಲ್ಲ. ಮಡುವಿನ ನೀರು ಮೇಲೆ ಅಲ್ಲಾಡುವುದಿಲ್ಲ, ಒಳಗೆ ಎಳೆಯುತ್ತದೆ. 'ಈಜು ಬರುತ್ತದೆ' ಎಂಬ ವಾದ ಅಪಾರ್ಟ್‌ಮೆಂಟಿನ ಕೊಳದಲ್ಲಿ ಗೆದ್ದದ್ದು, ಇಲ್ಲಿ ಚಲಾವಣೆಯಿಲ್ಲ.

ಮೊಸಳೆಯ ವಿಷಯ ಚಿಕ್ಕದು. ಕಾವೇರಿ ವನ್ಯಧಾಮದ ನೀರಿನಲ್ಲಿ ಅವು ಇವೆ. ಅವುಗಳಿಗಿಂತ ಕೋತಿಗಳು ಹೆಚ್ಚು ಕ್ರಿಯಾಶೀಲ. ಬಿರಿಯಾನಿಯ ಮೇಲೆ ಅವುಗಳಿಗಿರುವ ಹಕ್ಕನ್ನು ಪ್ರಶ್ನಿಸಬಾರದು. ಅರ್ಕಾವತಿಯ ನೀರನ್ನು ತೀರ್ಥವೆಂದು ಬಾಯಿಗೆ ಹಾಕುವವರು ಒಂದು ಭೂಗೋಳ ತಿಳಿದಿರಬೇಕು: ಬೆಂಗಳೂರಿನ ಕೊಳಚೆ ಹೊತ್ತ ವೃಷಭಾವತಿ ಸೇರುವುದು ಇದೇ ಹೊಳೆಗೆ. ನಗರದವನು ಇಲ್ಲಿ ಮೂರು ಸಲ ಮುಳುಗಿದರೆ ತನ್ನದೇ ಬಚ್ಚಲಿಗೆ ಮರಳಿದಂತೆ.

ಕೊನೆಯದು ನಷ್ಟವಸ್ತು ಪ್ರಕರಣ. ಮೇಲ್ದಂಡೆಯ ಮುತ್ತತ್ತಿಯಲ್ಲಿ ಸೀತೆಯ ಮೂಗುತಿ ಹೊಳೆಗೆ ಬಿದ್ದಾಗ ಆಂಜನೇಯ ಬಾಲದಿಂದ ನೀರು ಕಲಕಿ ಹುಡುಕಿಕೊಟ್ಟನೆಂದು ಸ್ಥಳಪುರಾಣ. ಇದನ್ನು ಆಧರಿಸಿ ತೆಪ್ಪದಿಂದ ಮೊಬೈಲು ಬೀಳಿಸಿದವರು ಅಂಬಿಗನನ್ನು ನೀರಿಗೆ ಹಾರೆಂದು ಒತ್ತಾಯಿಸುವುದುಂಟು. ಆ ಸೌಲಭ್ಯ ಮೂಗುತಿಗೆ ಮಾತ್ರ, ಅದೂ ಸೀತೆಯದಾದರೆ.