ಪಲ್ಲಾಡಿಯಮ್ಮ

ಪೀಣ್ಯದ ಯಾವ ಶೆಡ್ಡಿಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ಹುದ್ದೆ ಕ್ವಾಲಿಟಿ ಮ್ಯಾನೇಜರ್, ಕಸುಬು ಉಚ್ಚಾರಣೆ. ಜೇಬಿನಲ್ಲಿ ಸದಾ ಮೈಕ್ರೋಮೀಟರ್ ಇರುತ್ತದೆ, ಅಳೆಯುವುದು ಮಾತ್ರ ಎದುರಿನವರ ನಾಲಗೆಯನ್ನು. ವೈಟ್‌ಫೀಲ್ಡಿನ ಕಂಪನಿಯಲ್ಲಿರುವ ಮಗಳು ಭಾನುವಾರ ಏನು ತಿದ್ದುತ್ತಾಳೋ ಅದು ಸೋಮವಾರ ಫಸ್ಟ್ ಶಿಫ್ಟಿನ ತಲೆಗೆ ಬರುತ್ತದೆ.

ನಾನು ಕಂಡ ಸಾಹೇಬರಿದ್ದದ್ದು ಪ್ಲಾಸ್ಟಿಕ್ಕಿಗೆ ಕ್ರೋಮ್ ಹಾಕುವ ಘಟಕದಲ್ಲಿ. ಪ್ಲಾಸ್ಟಿಕ್ಕಿನಲ್ಲಿ ಕರೆಂಟು ಹರಿಯದು. ಹಾಗಾಗಿ ಕಾರಿನ ಬಾಗಿಲ ಹಿಡಿ ಮೊದಲು ಡಿಕಾಕ್ಷನ್ ಬಣ್ಣದ ತೊಟ್ಟಿಯೊಂದರಲ್ಲಿ ಮುಳುಗೇಳಬೇಕು. ಅಲ್ಲಿನ ಪಲೇಡಿಯಂ ಕಣ ಮೈಗೆ ಹತ್ತಿದರಷ್ಟೇ ನಿಕ್ಕಲ್ಲೋ ತಾಮ್ರವೋ ಕೂರುತ್ತದೆ, ಕ್ರೋಮ್ ಎಲ್ಲಕ್ಕಿಂತ ಕೊನೆಗೆ. ತೊಟ್ಟಿ ಕೆಟ್ಟರೆ ಲಾಟಿಗೆ ಲಾಟೇ ರಿಜೆಕ್ಟು.

ಹುಡುಗರು ಅದನ್ನು ‘ಪಲ್ಲಾಡಿ’ ಎನ್ನುತ್ತಿದ್ದರು.

“ಲಾ ಅಲ್ಲಯ್ಯ, ಲೇ! ಪ-ಲೇ-ಡಿ-ಯಮ್. ಒತ್ತು ಲೇ ಮೇಲೆ.”

“ನಿಮ್ಮೆದುರಿಗೆ ‘ಲೇ’ ಅನ್ನೋದು ಹೆಂಗೆ ಅಂತ ಬಿಟ್ವಿ ಸಾರ್.”

ಕೊನೆಯ ‘ಮ್’ ಅನ್ನಾದರೂ ಬಾಯ್ತುಂಬ ಹೇಳಿ ಎಂದರು. ಹೇಳಿದರು. ಕನ್ನಡದ ಬಾಯಿ ಉಕಾರ ಸೇರಿಸದೆ ಸುಮ್ಮನಿದ್ದೀತೇ? ಪಲ್ಲಾಡಿಯಮ್ಮು ಆಯಿತು; ವಾರದೊಳಗೆ ಪಲ್ಲಾಡಿಯಮ್ಮ. ಆಯುಧಪೂಜೆಗೆ ತೊಟ್ಟಿಗೆ ಅರಿಶಿನ ಕುಂಕುಮ, ಜೋಡಿ ಬಾಳೆಕಂದು, ಬೂದುಗುಂಬಳ. ನಿಂಬೆಹಣ್ಣನ್ನು ಒಳಕ್ಕೇ ಹಿಂಡಲು ಹೋದವನನ್ನು ಸಾಹೇಬರು ರಟ್ಟೆ ಹಿಡಿದು ಎಳೆಯಬೇಕಾಯಿತು.

ಮೌಢ್ಯ ಓಡಿಸಲು ನೋಟಿಸ್ ಬೋರ್ಡಿಗೆ ಇತಿಹಾಸ ಅಂಟಿಸಿದರು: 1802ರಲ್ಲಿ ಜರ್ಮನಿಯ ಓಲ್ಬರ್ಸ್ ಪಲ್ಲಾಸ್ ಎಂಬ ಕ್ಷುದ್ರಗ್ರಹ ಕಂಡುಹಿಡಿದ, ಅದೇ ವರ್ಷ ಇಂಗ್ಲೆಂಡಿನ ವೊಲಾಸ್ಟನ್ ಹೊಸ ಲೋಹ ಬೇರ್ಪಡಿಸಿ, ಆ ಗ್ರಹದ ಹೆಸರನ್ನೇ ಇಟ್ಟ, ಪಲ್ಲಾಸ್ ಎಂದರೆ ಗ್ರೀಕರ ಅಥೀನಾ ದೇವಿ, ಕಸುಬುದಾರರನ್ನು ಕಾಯುವವಳು.

ಅಂಟಿಸಿದ್ದೇ ತಪ್ಪಾಯಿತು. “ನೋಡಿ ಸಾರ್, ಲಾ-ನೇ! ಮೇಲಾಗಿ ಅಮ್ಮನೇ!” ಎಂದು ಬೋರ್ಡಿಗೂ ಊದುಬತ್ತಿ ಸಿಕ್ಕಿಸಿದರು.

ಸಾಹೇಬರು ಸೋಲಲಿಲ್ಲ, ಈ ಜಾತಿಯವರು ಸೋಲುವುದಿಲ್ಲ. ಆದರೆ ಒಂದು ಮಧ್ಯಾಹ್ನ ತೊಟ್ಟಿಯ ಪೈಪು ಬಾಯಿಬಿಟ್ಟಿತು. 2019ರಲ್ಲಿ ಚಿನ್ನದ ದರವನ್ನೇ ದಾಟಿದ್ದ ಲೋಹ, ನೆಲದ ಮೇಲೆ ಹರಿಯುತ್ತಿದೆ. ಇಂಗ್ಲಿಷು, ಮಗಳು, ಮಂಡ್ಯದ ಕಡೆಯ ನಾಲಗೆಗೆ ಅವರು ಕಷ್ಟಪಟ್ಟು ಕೂರಿಸಿದ್ದ ಹಕಾರ, ಎಲ್ಲ ಜೊತೆಗೇ ಹರಿದವು.

“ಅಯ್ಯಯ್ಯೋ, ಪಲ್ಲಾಡಿಯಮ್ಮ ಓಯ್ತು! ಇಡ್ಕೊಳ್ರೋ!”

ಬಕೆಟ್ ಹಿಡಿದು ಓಡಿಬಂದ ಹುಡುಗ ಒಂದು ಕ್ಷಣ ನಿಂತ.

“ಪ-ಲೇ-ಡಿ-ಯಮ್, ಸಾರ್.”

ಒತ್ತು ಸರಿಯಾಗಿ ಲೇ ಮೇಲೆಯೇ ಬಿದ್ದಿತ್ತು.