ನಾನಾಗಲೇ ಅಂದುಕೊಂಡೆ

ಬೀದಿಯಲ್ಲಿ ಯಾರ ಗಾಡಿಯ ಬಾನೆಟ್ ಎದ್ದರೂ ಯಜಮಾನರು ಹಾಜರು. ಬೆನ್ನ ಹಿಂದೆ ಕಟ್ಟಿದ ಕೈ, ಕಾಲಲ್ಲಿ ಹವಾಯಿ ಚಪ್ಪಲಿ, ಎಡಕ್ಕೆ ಕೊಂಚ ವಾಲಿದ ತಲೆ. ಏನನ್ನೂ ಮುಟ್ಟುವುದಿಲ್ಲ, ಯಾರಿಗೂ ಅಡ್ಡ ನಿಲ್ಲುವುದಿಲ್ಲ. ಸುಮ್ಮನೆ ನೋಡುತ್ತಾರೆ.

ಇಂಥವರು ನಿಮ್ಮ ಬಡಾವಣೆಯಲ್ಲೂ ಒಬ್ಬರಿರುತ್ತಾರೆ. ಬಿಟ್ಟಿ ಉಪದೇಶ ಮಾಡುವವರ ಗುಂಪಿಗೆ ಇವರನ್ನು ಸೇರಿಸಬೇಡಿ. ಬಿಟ್ಟಿ ಉಪದೇಶ ಸಾಮಾನ್ಯವಾಗಿ ತಪ್ಪಾಗಿರುತ್ತದೆ, ಹೂಂಗುಟ್ಟಿ ಮರೆತುಬಿಡಬಹುದು. ಇವರು ಹೇಳುವುದು ಯಾವಾಗಲೂ ಸರಿ. ಆದರೆ ಕೆಲಸ ಕೆಟ್ಟ ಮೇಲೆ ಹೇಳುತ್ತಾರೆ.

ನೀವು ಕಾರು ಹಿಂದಕ್ಕೆ ತೆಗೆಯುವಾಗ “ಬನ್ನಿ, ಬನ್ನಿ, ಬನ್ನಿ” ಎಂದು ಕರೆಯುವವರು ಇವರೇ. ಢಣ್ ಎಂದಾಗ “ಹಾಂ, ತಗುಲ್ತು” ಎಂದು ತಿಳಿಸುವವರೂ ಇವರೇ. ತಾರಸಿ ಹಾಕಿ ನೀರುಣಿಸುವ ಹೊತ್ತಿಗೆ ಬಂದು, ಫ್ಯಾನಿನ ಕೊಕ್ಕೆ ಬಿಟ್ಟಿಲ್ಲವಲ್ಲ ಎಂದು ವಿಚಾರಿಸುತ್ತಾರೆ. ಮಗಳ ಮದುವೆಯ ಮಾರನೆಯ ದಿನ, ಹುಡುಗನ ಚಿಕ್ಕಪ್ಪ ಒಂದು ಥರದ ಮನುಷ್ಯ ಎನ್ನುತ್ತಾರೆ. ಎಲ್ಲದಕ್ಕೂ ಪೀಠಿಕೆ ಒಂದೇ: “ನಾನಾಗಲೇ ಅಂದ್ಕೊಂಡೆ.”

ಇಷ್ಟೆಲ್ಲ ಸಹಿಸಿದ್ದೆ. ಅಂಬಾಸಡರಿನ ವಿಷಯ ಮಾತ್ರ ಬೇರೆ.

ಮಾವನವರಿಂದ ನನಗೆ ಬಂದ ಆಸ್ತಿ ಒಂದು ಮಾರ್ಕ್ ಫೋರ್, 1489 ಸಿಸಿಯ ಪೆಟ್ರೋಲ್ ಎಂಜಿನ್ನಿನದು. ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲಿ ಅಂಬಾಸಡರ್ ಕಟ್ಟುವುದೇ ನಿಂತಿತು. ನಮ್ಮದು ಅದನ್ನು ಲೆಕ್ಕಿಸದೆ ಓಡುತ್ತಿತ್ತು. ಈಚೆಗೆ ಬೆಳಗ್ಗೆ ಸ್ಟಾರ್ಟ್ ಮಾಡಿದೊಡನೆ ಟಿಕ್ ಟಿಕ್ ಟಿಕ್ ಸದ್ದು. ಎಂಜಿನ್ ಕಾದರೆ ಮಾಯ. ಕಾದ ಕಬ್ಬಿಣ ಹಿಗ್ಗಿ ಸಂದು ಮುಚ್ಚಿಕೊಳ್ಳುತ್ತದೆ, ಆರಿದರೆ ಮತ್ತೆ ಬಾಯಿ ಬಿಡುತ್ತದೆ. ಮೆಕ್ಯಾನಿಕ್ ಹುಡುಗ ಬಂದು ನೋಡಿದ. ಹೊಗೆ ಹೋಗುವ ಮ್ಯಾನಿಫೋಲ್ಡ್ ಹೆಡ್ಡಿಗೆ ಕೂರುವ ಜಾಗದಲ್ಲಿ ಕರಿ ಮಸಿ ಗೆರೆ ಎಳೆದಿತ್ತು. “ಗ್ಯಾಸ್ಕೆಟ್ ಹೋಗಿದೆ ಸಾರ್. ಮ್ಯಾನಿಫೋಲ್ಡ್ ಬಿಚ್ಚಿ ಹಾಕೋದಷ್ಟೇ. ಮಧ್ಯಾಹ್ನಕ್ಕೆ ಮುಗಿಯುತ್ತೆ.”

ಯಜಮಾನರು ಆಗಲೇ ಬಂದು ನಿಂತಿದ್ದರು.

ನಟ್‌ಗಳು ಒಂದೊಂದಾಗಿ ಬಂದವು. ಕೊನೆಯದು ಬಲ್ಕ್‌ಹೆಡ್ ಪಕ್ಕದ್ದು, ಸ್ಪ್ಯಾನರಿಗೆ ಜಗ್ಗಲಿಲ್ಲ. ಹುಡುಗ ಪೈಪು ಸಿಕ್ಕಿಸಿ ಎಳೆದ. ಮೊದಲು ಕಿರ್ ಎಂದಿತು, ಆಮೇಲೆ ಬಲು ಸಲೀಸಾಗಿ ತಿರುಗಿತು. ತುಕ್ಕು ಹಿಡಿದ ನಟ್ ಹಾಗೆ ಸಲೀಸಾಗಿ ತಿರುಗಿದರೆ ಏನರ್ಥವೆಂದು ಅವನ ಮುಖ ನೋಡಿ ತಿಳಿಯಿತು. ಕೈಗೆ ಬಂದದ್ದು ನಟ್ಟು, ಅದರೊಳಗೆ ಅರ್ಧ ಸ್ಟಡ್ಡು. ಉಳಿದರ್ಧ ಹೆಡ್ಡಿನ ಒಳಗೆ, ಉಗುರಿಗೂ ಸಿಗದ ಹಾಗೆ ಮಟ್ಟಸವಾಗಿ ಮುರಿದಿತ್ತು.

“ನಾನಾಗಲೇ ಅಂದ್ಕೊಂಡೆ” ಎಂದರು ಯಜಮಾನರು. “ಹಿಂದಿನ ರಾತ್ರಿನೇ ಆಯಿಲ್ ಬಿಟ್ಟು ನೆನೆಸಬೇಕಿತ್ತು. ಬಿಚ್ಚೋಕ್ ಮುಂಚೆ ಸ್ಟಡ್ಡಿನ ತಲೆ ಮೇಲೆ ಸುತ್ತಿಗೇಲಿ ನಾಕ್ ಏಟು ಹಾಕ್ಬೇಕು, ತುಕ್ಕು ಬಿರುಕು ಬಿಡುತ್ತೆ. ಬಿಗಿ ಅನ್ನಿಸ್ತಾ, ಒಂಚೂರು ಬಿಗಿದು, ಆಮೇಲೆ ಬಿಚ್ಚು. ಹಿಂದೆ ಮುಂದೆ ಆಡಿಸ್ತಾ ಇರು. ಗ್ಯಾಸಲ್ಲಿ ಕಾಯಿಸಿ ಮೇಣ ಮುಟ್ಟಿಸಿದ್ರೆ ಕರಗಿ ಥ್ರೆಡ್ಡೊಳಕ್ಕೆ ಎಳ್ಕೊಳುತ್ತೆ. ಅದೂ ಈ ಕೊನೇ ಸ್ಟಡ್ಡು! ಮ್ಯಾನಿಫೋಲ್ಡು ಕಾದು ಉದ್ದ ಆಗೋದು ಎರಡು ತುದೀಲೇ ಹೆಚ್ಚು. ಸ್ಟಡ್ಡನ್ನ ಅಡ್ಡ ನೂಕಿ ನೂಕಿ ಸುಸ್ತು ಮಾಡಿರುತ್ತೆ. ಮುರಿದ್ರೆ ಮೊದಲನೇದು, ಇಲ್ಲ ಕೊನೇದು.”

ಒಂದಕ್ಷರವೂ ಸುಳ್ಳಲ್ಲ. ಸಾರಿಗೆ ಡಿಪೋದಲ್ಲಿ ಆಯುಷ್ಯ ಕಳೆದವರು. ನನಗೆ ರೇಗಿದ್ದೂ ಅದಕ್ಕೇ. ತಪ್ಪು ಹೇಳಿದ್ದರೆ ಜಗಳವಾದರೂ ಆಡಬಹುದಿತ್ತು. “ಇದನ್ನ ಮೊದಲೇ ಹೇಳಬಾರದಿತ್ತೆ?” ಎಂದರೆ, “ಕೆಲಸ ಮಾಡೋರ ಮಧ್ಯೆ ಬಾಯಿ ಹಾಕಬಾರದಲ್ಲಪ್ಪ” ಎಂದರು. ಇಂಥ ಸಜ್ಜನಿಕೆಯನ್ನು ಯಾರ ಮುಂದೆ ದೂರುವುದು?

ಹುಡುಗನ ಡಬ್ಬಿಯಲ್ಲಿ ಈಸಿ ಔಟ್ ಇತ್ತು. ಮುರಿದ ಸ್ಟಡ್ಡಿಗೆ ತೂತು ಕೊರೆದು, ಈ ಉಲ್ಟಾ ಮರೆಯ ಉಳಿಯನ್ನು ಸಿಕ್ಕಿಸಿ ಎಡಕ್ಕೆ ತಿರುವಿದರೆ ಸ್ಟಡ್ಡು ಬರಬೇಕು. ಬರಲಾರದ ಸ್ಟಡ್ಡಿನೊಳಗೆ ಅದೇ ಮುರಿಯುವುದೂ ಉಂಟು. ಅದರ ಉಕ್ಕು ಎಷ್ಟು ಗಟ್ಟಿಯೆಂದರೆ ಆಮೇಲೆ ಮಾಮೂಲಿ ಡ್ರಿಲ್ ಬಿಟ್ಟು ಅದರ ಮೇಲೆ ಜಾರುತ್ತದೆಯೇ ಹೊರತು ಕೊರೆಯುವುದಿಲ್ಲ. ಯಜಮಾನರು ಅದನ್ನೇ ದಿಟ್ಟಿಸುತ್ತಿದ್ದರು. ತುಟಿ ಅಲುಗಲಿಲ್ಲ. ಹುಡುಗ ಅವರ ಮುಖ ನೋಡಿದ, ಈಸಿ ಔಟನ್ನು ಡಬ್ಬಿಗೆ ವಾಪಸು ಹಾಕಿದ. ನನಗಿಂತ ಚುರುಕು. ನಟ್ಟಿಟ್ಟು ವೆಲ್ಡ್ ಮಾಡೋಣವೆಂದರೆ ಸ್ಟಡ್ಡು ಹೊರಗೆ ಒಂದಿಷ್ಟೂ ಇಣುಕುತ್ತಿಲ್ಲ. ಹೆಡ್ಡೋ ಎರಕದ ಕಬ್ಬಿಣ, ವೆಲ್ಡು ಅದಕ್ಕೇ ಅಂಟಿಕೊಂಡರೆ ಇನ್ನೊಂದು ಪೀಕಲಾಟ. ಪೂರ್ತಿ ಕೊರೆದೇ ತೆಗೆಯಬೇಕು.

ಸ್ಟಡ್ಡಿನ ದಪ್ಪ ಸುಮಾರು 8 ಮಿಲಿಮೀಟರ್. ನಟ್ಟನಡುವೆ ಪಂಚಿನಿಂದ ಗುರುತು ಹೊಡೆದು, ಸಣ್ಣ ಬಿಟ್ಟಿನಿಂದ ಶುರು ಮಾಡಿ, ಒಂದೊಂದು ಸೈಜ್ ಏರಿಸುತ್ತ ಹೋಗಬೇಕು. ಬಿಟ್ಟು ಚೂರು ಓರೆಯಾದರೂ ಹೆಡ್ಡಿನ ಥ್ರೆಡ್ಡಿಗೇ ಕುತ್ತು. ಕೊರೆಯುವವನಿಗೆ ಬಿಟ್ಟು ಎಡಬಲಕ್ಕೆ ವಾಲಿದರೆ ಮೇಲಿನಿಂದ ಕಾಣುತ್ತದೆ. ಮೇಲೆ ಕೆಳಗೆ ವಾಲಿದ್ದು ಕಾಣುವುದಿಲ್ಲ. ಅದನ್ನು ನೋಡಲು ಇನ್ನೊಬ್ಬ ಪಕ್ಕದಲ್ಲಿ ನಿಲ್ಲಬೇಕು.

“ಸಾರ್, ತಾವು ಸೈಡಿಂದ ನೋಡಿ ಹೇಳ್ತೀರಾ?” ಎಂದ ಹುಡುಗ. ನನ್ನನ್ನಲ್ಲ.

ಯಜಮಾನರು ಬೆನ್ನ ಹಿಂದಿನ ಕೈ ಬಿಚ್ಚಿದರು. ರೇಡಿಯೇಟರ್ ಪಕ್ಕ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿದರು. “ಮೇಲಕ್ಕೆ. ಇನ್ನೂ ಕೂದಲೆಳೆ. ಹಾಂ, ಹಿಡ್ಕೋ.” ಮಾತು ಕೆಲಸದ ಜೊತೆಜೊತೆಗೇ ಬರುತ್ತಿತ್ತು! ಬಿಟ್ಟು ಬದಲಾಯಿಸಿದಾಗಲೆಲ್ಲ ಅವರ ಬನಿಯನ್ನು ಇನ್ನಷ್ಟು ಒದ್ದೆಯಾಗುತ್ತಿತ್ತು. ಕೊನೆಗೆ ಸ್ಟಡ್ಡಿನಲ್ಲಿ ಉಳಿದದ್ದು ಕಾಗದದಷ್ಟು ತೆಳು ಗೋಡೆ. ಹುಡುಗ ಸಣ್ಣ ಉಳಿಯಿಂದ ಅದರ ಅಂಚು ಒಳಕ್ಕೆ ಮಡಚಿ, ನೋಸ್ ಪ್ಲೇಯರಿನಲ್ಲಿ ಹಿಡಿದು ಎಳೆದ. ತುಕ್ಕುಹಿಡಿದ ಮರೆ ಸುರುಳಿ ಸುರುಳಿಯಾಗಿ ಹೊರಬಂತು. ಟ್ಯಾಪು ಹಾಕಿ ತಿರುಗಿಸಿದರೆ ಹಳೆಯ ಥ್ರೆಡ್ಡು ಹಾಗೇ ಇತ್ತು.

ಯಜಮಾನರು ಏಳಲು ನನ್ನ ಹೆಗಲು ಬೇಕಾಯಿತು. ಕಾಫಿ ಕುಡಿಯುತ್ತ ಅವರೇ ಒಂದು ಮಾತಂದರು: ಈಗಿನ ಕಾರುಗಳ ಬಾನೆಟ್ ಎತ್ತಿದರೆ ಮೇಲೊಂದು ಪ್ಲಾಸ್ಟಿಕ್ ಮುಚ್ಚಳ, ಕೆಟ್ಟರೆ ಲಾರಿ ಬಂದು ಹೊತ್ತೊಯ್ಯುತ್ತದೆ, ಸರ್ವಿಸ್ ಸೆಂಟರಿನಲ್ಲಿ ಮಾಲೀಕರನ್ನೇ ಗಾಜಿನಾಚೆ ಕೂರಿಸಿ ಟಿವಿ ಹಾಕಿಕೊಡುತ್ತಾರೆ. “ನಿಂತು ನೋಡೋಕೆ ಏನೂ ಉಳಿದಿಲ್ಲ.” ನನಗೆ ಪಾಪವೆನಿಸಿತು. ಗಂಡಸರು ನಾಲ್ಕು ಜನ ಎಂಜಿನ್ನಿನ ಸುತ್ತ ನಿಂತು ಹರಟುವ ಸುಖ ನನಗೂ ಗೊತ್ತು. ಮಗಳ ಲ್ಯಾಪ್‌ಟಾಪ್ ಕೆಟ್ಟಾಗ ಹಿಂದೆ ಹೋಗಿ ಕೈ ಕಟ್ಟಿ ನಿಲ್ಲುತ್ತೇನೆ. “ಅಪ್ಪಾ, ಬೆಳಕಿಗೆ ಅಡ್ಡ” ಎನ್ನುತ್ತಾಳೆ.

ಹೊಸ ಸ್ಟಡ್ಡುಗಳಿಗೆ ಗ್ರಾಫೈಟ್ ಗ್ರೀಸ್ ಸವರಿದ್ದಾಯಿತು, ಹೊಸ ಗ್ಯಾಸ್ಕೆಟ್ ಕೂತಿತು, ಮ್ಯಾನಿಫೋಲ್ಡೂ ಕಾರ್ಬುರೇಟರೂ ಸ್ವಸ್ಥಾನ ಸೇರಿದವು. ನಟ್ ಬಿಗಿಯುವ ಮೊದಲು ಹುಡುಗ, ಬಲು ವಿನಯದಿಂದಲೇ ಕೇಳಿದ: “ಸಾರ್, ಇನ್ನೇನಾದ್ರೂ ಹೇಳೋದಿದ್ರೆ ಈಗ್ಲೇ ಹೇಳ್ಬಿಡಿ.”

“ಏನಿಲ್ಲಪ್ಪ. ನಿನ್ನ ಕೆಲಸ ನೀನು ಮಾಡು.”

ಹುಡುಗ ಬಿಗಿದ. ಸ್ಟಾರ್ಟ್ ಮಾಡಿದ. ಟಿಕ್ ಟಿಕ್ ಇಲ್ಲ. ಸೋಪಿನ ಪುಡಿ ಹಾಕಿ ಕೈ ತೊಳೆದುಕೊಂಡ. ನಾನು ದುಡ್ಡು ಕೊಟ್ಟೆ, ಡಬ್ಬಿಯನ್ನು ಸ್ಕೂಟರಿಗೆ ಕಟ್ಟಿದ್ದೂ ಆಯಿತು. ಯಜಮಾನರ ಕೈ ಮತ್ತೆ ಬೆನ್ನ ಹಿಂದೆ ಹೋಗಿತ್ತು. ಬ್ಯಾಟರಿಯ ಮೇಲಿದ್ದ ಸಣ್ಣ ಪೊಟ್ಟಣದ ಕಡೆಗೆ ಗದ್ದ ತೋರಿಸಿದರು.

“ಹಿತ್ತಾಳೆ ನಟ್ಟು ತರಿಸಿದ್ರಲ್ಲ, ತುಕ್ಕು ಕಚ್ಚಲ್ಲ ಅಂತ? ಮತ್ತೆ ಹಳೇ ಕಬ್ಬಿಣದ್ದೇ ಹಾಕ್ದ.”